ಹದಿನೆಂಟನೆಯ ಕಟ್ಟೆ

ನನ್ನ ದಿನಚರಿಯ ಪ್ರಕಾರ ತಾಂಡೂರಿನ ನಮ್ಮ ಓಣಿಯಲ್ಲಿ ಹದಿನೇಳು ಕಟ್ಟೆಗಳಿದ್ದವು. ಪ್ರತಿಯೊಂದರ ಉದ್ದ, ಅಗಲ, ಅದು ಯಾರ ಮನೆಯ ಮುಂದಿನದು ಎಂಬುದೆಲ್ಲ ಅಲ್ಲಿದೆ, ನನ್ನದೇ ಅಕ್ಷರ. ಆದರೆ ಕಣ್ಣು ಮುಚ್ಚಿ ಓಣಿಯ ಮೇಲಿನ ತುದಿಯಿಂದ ಕೆಳಗಿನ ತುದಿಗೆ ನಡೆದರೆ ನನಗೆ ಹದಿನೆಂಟು ಸಿಗುತ್ತವೆ. ಬಹಳ ಕಾಲ ಇದು ನೆನಪಿನ ತಪ್ಪೆಂದು ತಿಳಿದಿದ್ದೆ. ಕಲಬುರಗಿಯಲ್ಲಿ ಎಂ.ಎ. ಓದುವಾಗ ನೆನಪಿಗಿಂತ ಬರೆದಿಟ್ಟದ್ದನ್ನು ನಂಬಬೇಕು ಎಂದು ಕಲಿತಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ.

ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಹಾಗೆ ಮಾಡುವುದರಿಂದ ನನಗೊಂದು ಅನುಕೂಲವೂ ಇದೆ. ಓಣಿಯ ಕೆಳಗಿನ ತುದಿಯಲ್ಲಿದ್ದ ಮುದುಕಿಯನ್ನು ನಾನು ಚಿಕ್ಕಂದಿನಿಂದ ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಆಕೆ ನನ್ನ ಅಪ್ಪನಿಗಿಂತ ಹಿರಿಯಳು. ಹೆಸರು ಬಿಟ್ಟು ಈಗ ‘ಕೆಳಗಿನ ಮನೆಯ ಅಜ್ಜಿ’ ಎಂದು ಬರೆಯುವಾಗ, ಯಾವಾಗಲೂ ಹಾಗೇ ಕರೆಯುತ್ತಿದ್ದೆ ಅನ್ನಿಸುವಂತಾಗುತ್ತದೆ. ಕರೆಯುತ್ತಿರಲಿಲ್ಲ.

ತೆಲಂಗಾಣದ ಗಡಿಯ ತಾಂಡೂರಿನಲ್ಲಿ ಕಲ್ಲಿಗೆ ಕೊರತೆಯಿಲ್ಲ. ನೆಲಕ್ಕೆ ಹಾಸುವ ಚಪ್ಪಡಿಗೆ ನಾವು ಪರ್ಶಿ ಅನ್ನುತ್ತೇವೆ. ನಮ್ಮ ಮನೆಗಳ ನೆಲ ಪರ್ಶಿ, ಮೆಟ್ಟಿಲು ಪರ್ಶಿ, ಬಚ್ಚಲಿನ ಗೋಡೆ ಪರ್ಶಿ. ಬಾಗಿಲಿನ ಹೊರಗೆ ಗೋಡೆಗೆ ಹತ್ತಿಸಿ ಕಟ್ಟಿದ, ಮೊಣಕಾಲೆತ್ತರದ ಕಟ್ಟೆಯ ಮೇಲೂ ಪರ್ಶಿ. ಕಟ್ಟೆ ಮನೆಯವರದು, ಅದು ನಿಂತಿದ್ದ ಜಾಗ ಓಣಿಯದು. ಯಾರೂ ಕೇಳಿರಲಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡು ಅಲ್ಲಿ ಕೂತರೆ ಹೊರಗೆ ಹೋದಂತೆ ಲೆಕ್ಕವಿರಲಿಲ್ಲ. ದಾರಿಹೋಕ ಅಲ್ಲಿ ಕೂತು ನೀರು ಕುಡಿದರೆ ಮನೆಯೊಳಗೆ ಬಂದಂತೆಯೂ ಅಲ್ಲ.

ಓಣಿಯ ಮೇಲಿನ ತುದಿಯಲ್ಲಿ ನಮ್ಮಂಥ ಲಿಂಗಾಯತರ ಮನೆಗಳು: ಒಂದಿಷ್ಟು ಹೊಲ, ಒಂದಿಷ್ಟು ವ್ಯಾಪಾರ. ನಡುವೆ ದರ್ಜಿಯ ಮನೆ, ಇನ್ನೂ ಕೆಲವು. ತೀರ ಕೆಳಗೆ ಬೌದ್ಧರಾದ ದಲಿತರ ನಾಲ್ಕು ಮನೆಗಳು. ಆ ಮನೆಗಳ ಗಂಡಸರೂ ಹೆಂಗಸರೂ ಪರ್ಶಿಯ ಪಾಲಿಶ್ ಮಿಲ್ಲುಗಳಿಗೆ ಕೂಲಿಗೆ ಹೋಗುತ್ತಿದ್ದರು. ಕೆಳಗಿನ ಮನೆಯ ಅಜ್ಜಿಯೂ ವಯಸ್ಸಿನಲ್ಲಿ ಹೋದವಳೇ. ಅದಕ್ಕೂ ಮೊದಲು ಯಾಲಾಲ್ ದಾರಿಯ ನಮ್ಮ ಹೊಲದಲ್ಲಿ ತೊಗರಿ ಕೊಯ್ಯಲು ಬರುತ್ತಿದ್ದಳಂತೆ. ನಾನು ಕಲಬುರಗಿಯಿಂದ ಓದು ಮುಗಿಸಿ ಬರುವಷ್ಟರಲ್ಲಿ ಆಕೆಯ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು.

ಆಕೆಗೂ ನನ್ನ ಆಯಿಗೂ, ಎಂದರೆ ನನ್ನ ಅಪ್ಪನ ತಾಯಿಗೂ, ಒಂದು ನಂಟಿತ್ತು. ಆಯಿಯ ತವರು ಕಂಗ್ಟಿ. ಆಕೆಯ ತವರು ಸಿರ್ಗಾಪುರ. ಎರಡೂ ನಾರಾಯಣಖೇಡದ ಸುತ್ತಿನವು. ನಮ್ಮ ಓಣಿಗೆ ಮದುವೆಯಾಗಿ ಬಂದ ಹೆಂಗಸರಲ್ಲಿ ಆ ಸೀಮೆಯವರು ಇವರಿಬ್ಬರೇ. ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ತವರಿಗೆ ಹೋಗಿ ಬಂದದ್ದನ್ನೇ ಇಬ್ಬರೂ ನೂರು ಸಲ ಹೇಳಿಕೊಳ್ಳುತ್ತಿದ್ದರು. ಸಂಜೆಯಾದರೆ ಆಕೆ ಕೆಳಗಿನಿಂದ ಎಡಗೈಯನ್ನು ಕಟ್ಟೆಗಳ ಅಂಚಿಗೆ ತಾಗಿಸಿಕೊಂಡು ಬರುತ್ತಿದ್ದಳು. ಒಂದು ಕಟ್ಟೆ ಮುಗಿದು ಇನ್ನೊಂದು ಸಿಗುವವರೆಗೆ ಕೈ ಗಾಳಿಯಲ್ಲಿರುತ್ತಿತ್ತು. ನಮ್ಮ ಕಟ್ಟೆ ಆ ಬದಿಯ ಎಂಟನೆಯದು. ಆಯಿ ಮೇಲೆ ಕೂಡುತ್ತಿದ್ದಳು. ಆಕೆ ಕಟ್ಟೆಗೆ ಬೆನ್ನು ಕೊಟ್ಟು ಕೆಳಗೆ ನೆಲದ ಮೇಲೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ಇಬ್ಬರೂ ಓಣಿಗೆ ಮಾತಾಡಿದಂತೆ ಮಾತಾಡುತ್ತಿದ್ದರು. ಆಕೆ ಎದ್ದುಹೋದ ಮೇಲೆ, ದೀಪ ಹಚ್ಚುವ ಮೊದಲು, ಕಾಕಿ, ಎಂದರೆ ನನ್ನ ಚಿಕ್ಕಪ್ಪ ಕಾಕಾನ ಹೆಂಡತಿ, ಕಟ್ಟೆಗೆ ನೀರು ಹಾಕುತ್ತಿದ್ದಳು. ಧೂಳಿಗೆ ಎನ್ನುತ್ತಿದ್ದಳು. ಧೂಳಂತೂ ಇತ್ತು.

ಇದೆಲ್ಲ ಪರ್ಶಿ ಸಾಹುಕಾರ ಬರುವ ಮೊದಲಿನ ಮಾತು. ಆತ ಓಣಿಯ ನಡುವಿನ ಹಳೆಯ ಹಿತ್ತಲೊಂದನ್ನು ಕೊಂಡು ಪಾಲಿಶ್ ಯಂತ್ರಗಳನ್ನು ಹಾಕಿದ. ಲಾರಿಗಳು ಹಿಮ್ಮುಖವಾಗಿ ಓಣಿಯೊಳಗೆ ನುಗ್ಗತೊಡಗಿದವು. ತುಂಬದೆ ಉಳಿದ ಪರ್ಶಿಗಳನ್ನು ಹಮಾಲರು ಕಂಡಕಂಡವರ ಕಟ್ಟೆಯ ಮೇಲೆ, ಗೋಡೆಗೆ ಆನಿಸಿ ನಿಲ್ಲಿಸಿ ಹೋಗುತ್ತಿದ್ದರು. ನೆಲದ ಮೇಲೆ ಯಾವಾಗಲೂ ಬೂದುಬಣ್ಣದ ರಾಡಿ. ಆಯಿಯ ಮೊಣಕಾಲುಗಳು ಅಷ್ಟರಲ್ಲಿ ಕೈಕೊಟ್ಟಿದ್ದವು. ಬಾಗಿಲಿನಿಂದ ಕಟ್ಟೆಯವರೆಗೆ ಬರುವುದೇ ಆಕೆಗೆ ಪ್ರಯಾಣ. ಕೆಳಗಿನ ಮನೆಯ ಅಜ್ಜಿ ಒಂದೆರಡು ಸಲ ಪ್ರಯತ್ನಪಟ್ಟು, ಒಮ್ಮೆ ಪರ್ಶಿಯ ಚೂಪು ಅಂಚಿಗೆ ಅಂಗೈ ಕೊಯ್ದುಕೊಂಡು, ಬರುವುದನ್ನು ಬಿಟ್ಟಳು. ಒಂದೇ ಓಣಿಯಲ್ಲಿದ್ದುಕೊಂಡು ಎರಡು ವರ್ಷ ಅವರಿಬ್ಬರು ಭೇಟಿಯಾಗಲಿಲ್ಲ. ಆಗಾಗ ಆಯಿ ನನ್ನನ್ನು ಕೇಳುತ್ತಿದ್ದಳು: “ಅಕಿ ಅದಾಳೇನು?” ಅದಾಳ ಎನ್ನುತ್ತಿದ್ದೆ. ಹೋಗಿ ನೋಡಿ ಹೇಳಿದ್ದಲ್ಲ.

ಆಮೇಲೆ ಪ್ರತ್ಯೇಕ ರಾಜ್ಯ ಬೇಕೆಂದು ತೆಲಂಗಾಣದ ದೊಡ್ಡ ಮುಷ್ಕರ ಬಂತು. ಬಸ್ಸುಗಳು ನಿಂತವು, ಕಚೇರಿಗಳಿಗೆ ಬೀಗ ಬಿತ್ತು. ನಾನು ಪಾಠ ಹೇಳುತ್ತಿದ್ದ ಶಾಲೆಯೂ ಮುಚ್ಚಿತು. ಕಲ್ಲಿದ್ದಲು ಇಲ್ಲವೆಂದು ಕರೆಂಟು ಹೋಗಿ ಹೋಗಿ ಬರುತ್ತಿತ್ತು, ಪಾಲಿಶ್ ಯಂತ್ರಗಳು ತಣ್ಣಗಾದವು. ಲಾರಿಗಳು ಹೆದ್ದಾರಿಯಲ್ಲೇ ಉಳಿದವು. ಕೆಳಗಿನ ಮನೆಗಳವರಿಗೆ ಕೂಲಿ ಇರಲಿಲ್ಲ. ಅವರು ಆ ದಿನಗಳನ್ನು ಹೇಗೆ ಕಳೆದರು ಎಂಬ ಬಗ್ಗೆ ನನ್ನ ದಿನಚರಿಯಲ್ಲಿ ಒಂದು ಸಾಲೂ ಇಲ್ಲ. ಓಣಿ ಎಷ್ಟು ಶಾಂತವಾಗಿತ್ತು ಎಂಬ ಬಗ್ಗೆ ಎರಡು ಪುಟ ಇವೆ.

ಮೊದಲು ಯಾರು ಪರ್ಶಿ ಸರಿಸಿದರೋ ನೆನಪಿಲ್ಲ. ನಾನೇ ಎಂದು ದಿನಚರಿ ಹೇಳುತ್ತದೆ, ದರ್ಜಿ ಅಣ್ಣನ ಹೆಂಡತಿ ತಾನೇ ಎನ್ನುತ್ತಿದ್ದಳು. ಆಕೆ ಹೇಳಿದ್ದೇ ನಿಜವಿರಬೇಕು, ಆಕೆಯ ಕೈಗೆ ಆ ಬಲವಿತ್ತು. ಒಂದು ಮನೆ ಶುರುಮಾಡಿದ ಮೇಲೆ ಉಳಿದವರೂ ತಮ್ಮ ಕಟ್ಟೆಯ ಮೇಲಿನ ಪರ್ಶಿಗಳನ್ನೆತ್ತಿ ಸಾಹುಕಾರನ ಗೇಟಿನ ಮುಂದೆ ಒಟ್ಟಿದರು. ಬಾವಿಯ ನೀರು ಸೇದಿ ರಾಡಿ ತೊಳೆದೆವು. ಒಂದು ವಾರದಲ್ಲಿ ಓಣಿಯಲ್ಲಿ ಜನ ಕೂತರು. ಯಾರೋ ಹಪ್ಪಳ ಒಣಗಿಸಿದರು. ದರ್ಜಿ ಅಣ್ಣ ಹೊಲಿಗೆ ಯಂತ್ರವನ್ನೇ ಹೊರಗೆ ತಂದಿಟ್ಟ.

ಆ ವಾರದಲ್ಲೇ ಒಂದು ಸಂಜೆ ಕೆಳಗಿನ ಮನೆಯ ಅಜ್ಜಿ ಬಂದಳು. ಆಯಿಯನ್ನು ನಾನು ತೋಳು ಹಿಡಿದು ಕಟ್ಟೆಯ ಮೇಲೆ ಕೂಡಿಸಿದ್ದೆ. ಕಟ್ಟೆಯ ಅಂಚಿನ ಮೇಲೆ ಸರಿದು ಬರುತ್ತಿದ್ದ ಕೈಯನ್ನು ನೋಡಿ ಆಯಿ ಅಂದಳು:

“ಯಾರದು? ಸತ್ತೀ ಅಂತ ತಿಳಿದಿದ್ದೆ.”

“ಸಾಯಾಕ ಪುರಸೊತ್ತು ಎಲ್ಲದ ಯವ್ವಾ. ನೀವು ಮೊದ್ಲ ಹೋಗ್ರಿ, ನಾ ದಾರಿ ಕೇಳ್ಕೋತ ಬರ್ತೀನಿ.”

“ಕಣ್ಣಿಲ್ಲದಾಕಿ ದಾರಿ ಕೇಳ್ತಾಳಂತ.”

“ಕಾಲಿಲ್ಲದಾಕಿ ಕೂತಲ್ಲಿಂದ ಹೇಳ್ತೀರಲ್ಲ, ಸಾಕು.”

ಆಯಿ ನಕ್ಕಳು. ಆ ನಗು ನನಗೆ ನೆನಪಿದೆ ಎಂದು ಬರೆಯಬೇಕೆನ್ನಿಸುತ್ತದೆ. ನೆನಪಿರುವುದು ಬಾಯಲ್ಲಿ ಉಳಿದಿದ್ದ ಎರಡು ಹಲ್ಲು ಮಾತ್ರ. ಆಮೇಲೆ ಕೆಳಗಿನ ಮನೆಯ ಅಜ್ಜಿ ಎಂದಿನಂತೆ ಕಟ್ಟೆಗೆ ಬೆನ್ನು ಕೊಟ್ಟು ಕೂತಳು. ಮುಷ್ಕರ ಮುಗಿಯುವವರೆಗೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ನನಗೆ ಇದು ಉಳಿಯಬೇಕು ಅನ್ನಿಸಿತು. ಮುಷ್ಕರ ಮುಗಿದ ದಿನವೇ ಲಾರಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಲಾರಿ ಬಂದರೆ ಇಬ್ಬರು ಮುದುಕಿಯರ ಮಾತು ಮತ್ತೆ ನಿಲ್ಲುತ್ತದೆ, ಈ ಸಲ ನಿಂತರೆ ಮತ್ತೆ ಶುರುವಾಗುವಷ್ಟು ವರ್ಷ ಇಬ್ಬರಿಗೂ ಇರಲಿಲ್ಲ. ಓಣಿ ನಮ್ಮೆಲ್ಲರದು ಎಂದು ಸಾಹುಕಾರನಿಗೆ ತಿಳಿಯುವ ಹಾಗೆ ಏನಾದರೂ ಮಾಡಬೇಕಿತ್ತು.

ಏನು ಎಂಬುದು ನನಗೆ ಹೊಳೆದದ್ದು ದೊಡ್ಡ ರಸ್ತೆಯಲ್ಲಿ. ಆಗ ಊರೂರಲ್ಲಿ ವಂಟಾವಾರ್ಪು ನಡೆಯುತ್ತಿತ್ತು. ರಸ್ತೆಯ ನಡುವೆ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಸಾಲಾಗಿ ಕೂತು ಉಣ್ಣುವುದು. ವಾಹನ ನಿಲ್ಲಿಸುವ ಚಳವಳಿ ಅದು. ನಮ್ಮ ಓಣಿಯವರೂ ಹೋದೆವು. ಕೆಳಗಿನ ಮನೆಯ ಅಜ್ಜಿಯ ಮಗ ದೊಡ್ಡ ಹಂಡೆಯ ಅನ್ನಕ್ಕೆ ಸೌಟು ಹಾಕಿ ಬಡಿಸುತ್ತಿದ್ದ. ನಮ್ಮ ಕಾಕಾ ಡಾಂಬರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಇನ್ನಷ್ಟ್ ಸಾರ್ ಹಾಕೋ ತಮ್ಮಾ, ರಾಜ್ಯ ಬರೂತನಕ ಏಳಂಗಿಲ್ಲ” ಎಂದು ಎರಡು ಸಲ ಹಾಕಿಸಿಕೊಂಡರು. ನಾನು ಅದನ್ನು ಕಣ್ಣಾರೆ ಕಂಡೆ. ದಿನಚರಿಯಲ್ಲೂ ಇದೆ, ಕೆಳಗೆ ಗೆರೆ ಎಳೆದು.

ಅಂದು ಮಧ್ಯಾಹ್ನ ಓಣಿಗೆ ಮರಳಿದ ಮೇಲೆ ಕಟ್ಟೆಗಳ ಮೇಲೆ ಕೂತಿದ್ದವರಿಗೆ ಹೇಳಿದೆ: ಹೀಗೇ ನಮ್ಮ ಓಣಿಯಲ್ಲೂ ಒಂದು ದಿನ ಮಾಡೋಣ. ನಡುವೆ ಒಲೆ ಹೂಡಿ, ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಕೂತು ಉಣ್ಣೋಣ. ವಾರಕ್ಕೊಮ್ಮೆ ಮಾಡಿದರೂ ಸಾಕು, ಲಾರಿ ಹೇಗೆ ಬರುತ್ತದೆ ನೋಡೋಣ.

ದರ್ಜಿ ಅಣ್ಣ ಸೂಜಿಗೆ ದಾರ ಪೋಣಿಸತೊಡಗಿದ. ಕಾಕಾ ಕೆಳಗಿನ ಮನೆಗಳ ಕಡೆಗೊಮ್ಮೆ ನೋಡಿ, ನನ್ನ ಕಡೆಗೆ ತಿರುಗಿ ಮೆಲ್ಲಗೆ ಅಂದರು:

“ಅದು ರೋಡು ಅದ. ಇದು ಓಣಿ ಅದ.”

“ಅದಕ್ಕೇನಾತು ಕಾಕಾ?”

“ಏನಾತಂದ್ರ? ರೋಡಿನ ಮ್ಯಾಲ ಯಾರ ಬಾಗಿಲೂ ಇಲ್ಲ.” ಆಮೇಲೆ, “ಓದಿದಾಕಿ ಇದ್ದೀ. ಓದಿದವ್ರಂಗ ಏನರ ಮಾಡು. ಅರ್ಜಿ ಬರಿ. ನಕಾಶಿ ತೆಗಿ. ಎಲ್ಲಾರೂ ಸಹಿ ಹಾಕ್ತೀವಿ” ಅಂದರು.

ಎಲ್ಲರಿಗೂ ಹಗುರವಾಯಿತು. ನನಗೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಊಟದ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಒಂದು ಸಲ ಗಟ್ಟಿಯಾಗಿ ಕೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನಾನು ಟೇಪು ತಂದೆ.

ದರ್ಜಿ ಅಣ್ಣನದೇ ಟೇಪು. ನಕಾಶೆಯಲ್ಲಿ ಓಣಿಯ ಅಗಲ, ಪ್ರತಿ ಮನೆ, ಪ್ರತಿ ಕಟ್ಟೆ ಎಲ್ಲವನ್ನೂ ತೋರಿಸುವುದು ನನ್ನ ವಿಚಾರ. ಇದು ಲಾರಿಯ ದಾರಿಯಲ್ಲ, ಇಲ್ಲಿ ಜನ ಕೂಡುತ್ತಾರೆ ಎಂದು ಕಚೇರಿಯವರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಟೇಪಿನ ಒಂದು ತುದಿಯನ್ನು ಆತನೇ ಹಿಡಿದ.

“ಎಷ್ಟ್ ಬಂತು ತಂಗಿ?”

“ಎರಡೂವರಿ ಫೂಟು ಅಣ್ಣಾ.”

“ನಾಲ್ಕು ಬರಕೊ.”

“ಇರೂದು ಎರಡೂವರಿ ಅದಲ್ಲ?”

“ಈಗ ಅದ. ನಮ್ಮ ರಾಜ್ಯ ಬಂದ ಮ್ಯಾಲ ನಾಲ್ಕು ಮಾಡಾಂವ ಇದ್ದೀನಿ. ಕಾಗದದಾಗ ಬಂತಂದ್ರ ಪಕ್ಕಾ ಆತು. ಆಮ್ಯಾಲ ಸಾಹುಕಾರನ ಅಪ್ಪ ಬಂದ್ರೂ ಕೈ ಹಚ್ಚಂಗಿಲ್ಲ.”

ಒಳಗಿನಿಂದ ಆತನ ಹೆಂಡತಿ ಕೂಗಿದಳು: “ನಾಲ್ಕ್ ಯಾಕ್ರಿ, ಆರು ಬರಸ್ರಿ. ಲಾರಿ ನಿಮ್ಮ ತಲಿ ಮ್ಯಾಲಿಂದ ಹೋಗ್ಲಿ.”

ನಗುತ್ತ ನಾಲ್ಕು ಎಂದು ಬರೆದೆ. ಸುದ್ದಿ ಹಬ್ಬಿತು. ಹೊಸ ರಾಜ್ಯ ಬಂದರೆ ಕಾಗದದಲ್ಲಿ ಇದ್ದದ್ದೆಲ್ಲ ಅವರವರದೇ ಆಗುತ್ತದೆ ಎಂದು ಆಗ ಜನ ನಂಬಿದ್ದರು. ಯಾರು ಹೇಳಿದರೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮನೆಮನೆಯಲ್ಲೂ ಒಂದು ಫೂಟು, ಒಂದೂವರೆ ಫೂಟು ಹೆಚ್ಚಿಗೆ ಬರೆಸಿದರು. ನಮ್ಮ ಕಾಕಾ ಸುಮ್ಮನಿದ್ದಾರು ಅಂದುಕೊಂಡಿದ್ದೆ.

“ನಮ್ದು ಎಷ್ಟ್ ಬರದಿ?”

“ಮೂರು. ಅಷ್ಟೇ ಅದ.”

“ದರ್ಜಿದು ನಾಲ್ಕು, ನಮ್ದು ಮೂರಾ? ಮಂದಿ ಏನಂದಾರು. ನಾಲ್ಕೂವರಿ ಬರಿ.”

ಬರೆದೆ. ನನ್ನನ್ನು ಓಣಿಯವರು ‘ಇಂಜಿನಿಯರ್ ಬಾಯಿ’ ಎಂದು ಕರೆಯತೊಡಗಿದ್ದರು. ನನಗದು ಹಿಡಿಸಿತ್ತು.

ಕೊನೆಗೆ ಕೆಳಗಿನ ಮನೆಗೆ ಹೋದೆ. ಅದರ ಮುಂದೆ ಕಟ್ಟೆ ಎನ್ನುವಂಥದು ಇರಲಿಲ್ಲ. ಎರಡು ಕಲ್ಲುಗುಂಡಿನ ಮೇಲೆ ಒಂದು ಅಗಲವಾದ ಪರ್ಶಿ, ಒಂದು ಮೂಲೆ ಮುರಿದದ್ದು. ಬಾಗಿಲ ಮೇಲೆ ಬುದ್ಧನ ಚಿಕ್ಕ ಪಟ. ಕೆಳಗಿನ ಮನೆಯ ಅಜ್ಜಿ ಆ ಪರ್ಶಿಯ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಟೇಪು ಬಿಚ್ಚಿದ ಸದ್ದಿಗೆ ತಲೆ ಎತ್ತಿದಳು.

“ನಂದು ಬರೀಬ್ಯಾಡ್ರಿ ಸಣ್ಣವ್ವಾ.”

“ಯಾಕ? ನಿನ್ನದೂ ಕಟ್ಟೀನ ಅಲ್ಲೇನು?”

“ಕಟ್ಟಿ ಎಲ್ಲೀದು. ಒಡದ ಪರ್ಶಿ. ನನ್ನ ಮಗ ಮಿಲ್ಲಿನಿಂದ ಹೊತ್ಕೊಂಡು ಬಂದಾನ.”

“ಬರದ್ರ ಪಕ್ಕಾ ಆಗ್ತದ. ಎಲ್ಲಾರೂ ಬರಸ್ಯಾರ.”

“ಅವ್ರು ಬರಸ್ಲಿರಿ. ನಮ್ಮ ಸಿರ್ಗಾಪುರದಾಗ ಒಮ್ಮಿ ಬಂದು ನಮ್ಮ ಕೇರಿ ಬರಕೊಂಡು ಹೋಗಿದ್ರು. ಬರಕೊಂಡ್ ಹೋದವ್ರು ತಿರುಗಿ ಬಂದ್ರು. ಕೈ ಮುಗೀತೀನಿ, ನಂದು ಬಿಡ್ರಿ.”

ಆಕೆಗೆ ತಿಳಿಯುವುದಿಲ್ಲ ಅಂದುಕೊಂಡೆ. ಆ ಮಾತನ್ನು ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ: ‘ಪಾಪ, ಆಕೆಗೆ ತಿಳಿಯುವುದಿಲ್ಲ.’ ನಕಾಶೆಯಲ್ಲಿ ಹದಿನೇಳು ಕಟ್ಟೆಗಳಾದವು. ತೆಲುಗಿನಲ್ಲಿ ಅರ್ಜಿ ಬರೆದು, ಸಹಿ ಹಾಕಿಸಿ, ಮುಷ್ಕರ ಮುಗಿದು ಕಚೇರಿ ತೆರೆದ ಮೇಲೆ ನಾನೇ ಹೋಗಿ ಕೊಟ್ಟೆ. ಗುಮಾಸ್ತ ನಕಾಶೆಯನ್ನು ಬಿಚ್ಚಿ ನೋಡಿ, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ ಎಂದ.

ಲಾರಿಗಳು ಬಂದವು. ಆದರೂ ಕೆಲವು ತಿಂಗಳು ಜನ ಹಟ ಬಿಡಲಿಲ್ಲ. ಯಾರೂ ಕಟ್ಟೆಯ ಮೇಲೆ ಪರ್ಶಿ ಇಡಗೊಡಲಿಲ್ಲ. ಲಾರಿ ಬಂದಾಗ ಕೆಳಗಿನ ಮನೆಯ ಅಜ್ಜಿ ಕಟ್ಟೆಗೆ ಒತ್ತಿ ನಿಲ್ಲುತ್ತಿದ್ದಳು, ಹೋದ ಮೇಲೆ ಮುಂದೆ ನಡೆಯುತ್ತಿದ್ದಳು. ನಾವು ಗೆದ್ದೆವು ಎಂದು ನಾನು ಬರೆದಿರುವ ಪುಟ ಈ ತಿಂಗಳುಗಳದು.

ಬೇಸಿಗೆ ಶುರುವಾಗುವ ಹೊತ್ತಿಗೆ ಪುರಸಭೆಯವರು ಬಂದರು. ಒಂದು ಟ್ರ್ಯಾಕ್ಟರು, ಹಾರೆ ಹಿಡಿದ ಆರು ಜನ. ಅಧಿಕಾರಿಯ ಕೈಯಲ್ಲಿ ನನ್ನ ನಕಾಶೆಯ ನಕಲು. ಓಣಿಯ ಜಾಗದಲ್ಲಿ ಹದಿನೇಳು ಒತ್ತುವರಿ ಇವೆ ಎಂದು ನಿಮ್ಮವರೇ ಸಹಿ ಮಾಡಿ ಕೊಟ್ಟಿದ್ದೀರಿ, ಒತ್ತುವರಿ ಇರುವುದರಿಂದಲೇ ವಾಹನಗಳಿಗೆ ತೊಂದರೆ, ನಿಮಗೂ ತೊಂದರೆ ಎಂದ. ಸಾಹುಕಾರ ಏನಾದರೂ ಹೇಳಿಸಿದ್ದನೋ ಇಲ್ಲವೋ ಗೊತ್ತಿಲ್ಲ. ಹೇಳಿಸುವ ಅಗತ್ಯವೂ ಇರಲಿಲ್ಲ. ಎಲ್ಲವೂ ಕಾಗದದಲ್ಲಿತ್ತು.

ಕಟ್ಟೆ ಒಡೆಯುವುದು ಬೇಗ ಆಗುವ ಕೆಲಸ. ಮೇಲಿನ ಪರ್ಶಿಯ ಕೆಳಗೆ ಹಾರೆ ತೂರಿಸಿ ಒತ್ತಿದರೆ ಅದು ಎದ್ದುಬರುತ್ತದೆ. ಒಳಗೆ ಮಣ್ಣು, ಇಟ್ಟಿಗೆಚೂರು. ನಮ್ಮ ಕಟ್ಟೆಯ ಹೊಟ್ಟೆಯಲ್ಲಿ ಒಂದು ಹಳೆಯ ಹಿತ್ತಾಳೆ ಗೆಜ್ಜೆ ಸಿಕ್ಕಿತು, ಯಾರದೋ. ದರ್ಜಿ ಅಣ್ಣನ ಎರಡೂವರೆ ಫೂಟಿನ ಕಟ್ಟೆಯನ್ನು ಒಡೆದ ಮೇಲೆ ಅವರು ಟೇಪು ಹಿಡಿದು, ಕಾಗದದಲ್ಲಿ ನಾಲ್ಕಿದೆ ಎಂದು ಬಾಗಿಲಿನ ಮೆಟ್ಟಿಲನ್ನೂ ಕಿತ್ತರು. ಆತ ಹೊಸ್ತಿಲಲ್ಲಿ ನಿಂತಿದ್ದ, ಇಳಿಯಲು ಮೆಟ್ಟಿಲಿರಲಿಲ್ಲ.

“ಎರಡೂವರಿನ ಇತ್ರಿ ಸಾಹೇಬ್ರ” ಎಂದ.

“ಹಾಗಾದರೆ ಸುಳ್ಳು ಬರೆಸಿದಿರಾ?” ಎಂದು ಅಧಿಕಾರಿ ತೆಲುಗಿನಲ್ಲಿ ಕೇಳಿದ. ದರ್ಜಿ ಅಣ್ಣ ನನ್ನ ಕಡೆ ನೋಡಿದ, ಸಿಟ್ಟಿನಿಂದಲ್ಲ. ಆಮೇಲೆ ಆತನ ಹೆಂಡತಿ ಎಲ್ಲರಿಗೂ ಕೇಳುವಂತೆ ಅಂದಳು: “ಆರು ಬರಸಿದ್ರ ಅಡಗಿ ಮನೀನೂ ಹೋಗ್ತಿತ್ತು.” ಯಾರೂ ನಗಲಿಲ್ಲ.

ಕೆಳಗಿನ ತುದಿಗೆ ಬಂದಾಗ ಅಧಿಕಾರಿ ಕಾಗದ ನೋಡಿದ, ಮೂಲೆ ಮುರಿದ ಪರ್ಶಿಯನ್ನು ನೋಡಿದ, ಮತ್ತೆ ಕಾಗದ ನೋಡಿದ. ಹದಿನೇಳು ಆಗಿವೆ ಎಂದು ಟ್ರ್ಯಾಕ್ಟರನ್ನು ತಿರುಗಿಸಲು ಹೇಳಿದ.

ಮರುದಿನ ಸಂಜೆ ನಾನು ಮಾಳಿಗೆಯ ಮೇಲಿದ್ದೆ. ಕೆಳಗಿನ ಮನೆಯ ಅಜ್ಜಿ ಹೊರಟಳು. ಏನಾಗಿದೆ ಎಂದು ಆಕೆಗೆ ಹೇಳಿದ್ದರು, ಆದರೂ ಹೊರಟಳು. ಎಡಗೈ ಚಾಚಿದಳು. ಕೈ ಗಾಳಿಯಲ್ಲಿತ್ತು. ನಾಲ್ಕು ಹೆಜ್ಜೆ, ಐದು ಹೆಜ್ಜೆ; ಕೈಗೆ ಏನೂ ಸಿಗಲಿಲ್ಲ. ಗೋಡೆಗಳು ಈಗ ದೂರವಿದ್ದವು. ಓಣಿಯ ನಡುವೆ ನಿಂತುಬಿಟ್ಟಳು. ಮೇಲಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಆಕೆ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಒಂದು ಸುತ್ತು ತಿರುಗಿದಳು. ಕೊನೆಗೆ ಹಮಾಲನೊಬ್ಬ ಭುಜ ಹಿಡಿದು ಆಕೆಯನ್ನು ಮನೆಗೆ ಮುಟ್ಟಿಸಿದ.

ಮಾಳಿಗೆಯಿಂದ ಕೆಳಗೆ ಹನ್ನೊಂದು ಮೆಟ್ಟಿಲು. ನಾನು ಇಳಿಯಲಿಲ್ಲ. ಯಾಕೆ ಎಂದು ದಿನಚರಿಯಲ್ಲಿಲ್ಲ. ಆ ದಿನದ ಪುಟದಲ್ಲಿ ಅಧಿಕಾರಿಯ ಮೇಲೆ ಬರೆಯಬೇಕಾದ ದೂರಿನ ಕರಡು ಇದೆ.

ಕಾಕಾ ನನ್ನನ್ನು ಬೈಯಲಿಲ್ಲ. ಕಟ್ಟೆ ಇದ್ದಲ್ಲಿ, ಗೋಡೆಗೆ ಹತ್ತಿಸಿ, ಬಾಗಿಲಿಗೆ ಕಬ್ಬಿಣದ ಜಾಲರಿಯ ಗೇಟು ಹಾಕಿಸಿದರು. ಉಳಿದ ಮೇಲಿನ ಮನೆಗಳವರೂ ಹಾಕಿಸಿದರು. ಕಾಕಿಗೆ ಸಂಜೆ ಹೊರಗೆ ನೀರು ಹಾಕುವ ಕೆಲಸ ತಪ್ಪಿತು. ಆಯಿಯನ್ನು ಗೇಟಿನ ಒಳಗೆ ಒಂದು ಕುರ್ಚಿಯ ಮೇಲೆ ಕೂಡಿಸುತ್ತಿದ್ದೆವು. ಅಲ್ಲಿಂದ ಆಕೆಗೆ ಲಾರಿಯ ಗಾಲಿಗಳು ಕಾಣುತ್ತಿದ್ದವು.

ನಾನು ಸುದ್ದಿ ಒಯ್ಯುವವಳಾದೆ. ಆಯಿ ಹೇಳಿದ್ದನ್ನು ಕೆಳಗೆ, ಕೆಳಗೆ ಹೇಳಿದ್ದನ್ನು ಮೇಲೆ. ಆಯಿಯ ಸುದ್ದಿಗಳು ಚಿಕ್ಕವು: “ತೊಗರಿ ಈ ಸಲ ಕಾಯಿ ಹಿಡದಿಲ್ಲ ಅಂತ ಹೇಳು.” “ಕಂಗ್ಟಿಯಿಂದ ನಮ್ಮ ತಮ್ಮನ ಮಗ ಬಂದಿದ್ದ ಅಂತ ಹೇಳು.” ಕೆಳಗಿನಿಂದ ಬರುತ್ತಿದ್ದವು ಇನ್ನೂ ಚಿಕ್ಕವು. ದಾರಿಯಲ್ಲಿ ನಾನು ಒಂದೆರಡು ಮಾತು ಸೇರಿಸತೊಡಗಿದೆ. ನಿನ್ನನ್ನು ಬಹಳ ನೆನೆಸುತ್ತಾಳೆ, ನಿನ್ನ ಮಾತೇ ಮಾತು, ಎಂಬಂಥವು. ಅವರಿಬ್ಬರೂ ಒಬ್ಬರಿಗೊಬ್ಬರು ಎಂದೂ ಹಾಗೆ ಹೇಳಿದವರಲ್ಲ. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಯಾವುದು ಅವರದು, ಯಾವುದು ನಾನು ಸೇರಿಸಿದ್ದು ಎಂದು ಬಿಡಿಸಲು ಆಗುವುದಿಲ್ಲ.

ಆ ದಿನಗಳಲ್ಲೇ ನಾನು ಕೆಳಗಿನ ಮನೆಯ ಅಜ್ಜಿಗೆ ‘ರಿ’ ಹಚ್ಚಿ ಮಾತಾಡಲು ಶುರುಮಾಡಿದೆ. ಆಕೆ ನಕ್ಕಳು. “ನನಗ್ಯಾಕ ರಿ ಹಚ್ತೀರಿ ಸಣ್ಣವ್ವಾ. ನನಗ ವಯಸ್ಸಾದಂಗ ಅನಸ್ತದ.”

ಕಡೆಗೊಂದು ದಿನ ಕೇಳಿಯೇಬಿಟ್ಟೆ. ಅದನ್ನು ಕೇಳಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅರ್ಜಿ ಬರೆದೆ, ನಕಾಶೆ ಮಾಡಿದೆ, ದೂರು ಬರೆದೆ; ಇದೊಂದು ಮಾತ್ರ ಹೊಳೆದಿರಲಿಲ್ಲ, ಅಥವಾ ಹೊಳೆದದ್ದನ್ನು ನಾನೇ ಬದಿಗೆ ಸರಿಸಿದ್ದೆ.

“ನಡೀರಿ, ನಾ ಕೈ ಹಿಡೀತೀನಿ. ಆಯಿ ಹಂತೇಕ ಕರಕೊಂಡು ಹೋಗ್ತೀನಿ.”

ಪಾಲಿಶ್ ಯಂತ್ರದ ಸದ್ದು ನಿಂತು ಮತ್ತೆ ಶುರುವಾಯಿತು.

“ಎಲ್ಲಿಗಿ?”

“ನಮ್ಮ ಮನೀಗಿ.”

“ಮನ್ಯಾಗ ಎಲ್ಲಿ?”

ಗೇಟಿನ ಒಳಗೆ ಎನ್ನಬೇಕಿತ್ತು. ಒಳಗೆ ಕಾಕಿ ಇರುತ್ತಾಳೆ, ಕಾಕಾ ಇರುತ್ತಾರೆ. ಗೇಟಿನ ಹೊರಗೆ ಎಂದರೆ ಲಾರಿಯ ದಾರಿ.

“ಅಕಿ ಹೊರಗ ಬರಂಗಿಲ್ಲ, ನಾ ಒಳಗ ಬರಂಗಿಲ್ಲ” ಎಂದಳು ಕೆಳಗಿನ ಮನೆಯ ಅಜ್ಜಿ, ಲಾರಿಯ ಸಮಯ ಹೇಳುವ ದನಿಯಲ್ಲಿ. “ನಡುವ ಕಟ್ಟಿ ಇತ್ತು. ಈಗ ಬ್ಯಾಡ ಬಿಡ್ರಿ.”

ಆಯಿ ತೀರಿಕೊಂಡದ್ದು ರಾಜ್ಯ ಬರುವ ಮೊದಲಿನ ಚಳಿಗಾಲದಲ್ಲಿ. ಮಣ್ಣು ಮಾಡಿ ಬಂದ ಮರುದಿನ ನಾನು ಕೆಳಗೆ ಹೋದೆ. ಶಂಖ, ಗಂಟೆ ಕೇಳಿ ಆಕೆಗೆ ಆಗಲೇ ಗೊತ್ತಾಗಿತ್ತು. ಮೂಲೆ ಮುರಿದ ಪರ್ಶಿಯ ಮೇಲೆ ಕೂತಿದ್ದಳು. ಇಡೀ ಓಣಿಯಲ್ಲಿ ಹೊರಗೆ ಕೂಡಲು ಉಳಿದಿದ್ದ ಜಾಗ ಅದೊಂದೇ. ಮೇಲಿನ ಮನೆಗಳವರು ಯಾರೂ ಅಲ್ಲಿಗೆ ಕೂಡಲು ಬಂದದ್ದನ್ನು ನಾನು ಕಂಡಿಲ್ಲ.

“ಅಕಿ ಏನರ ಅಂದಳಾ?” ಎಂದು ಕೇಳಿದಳು.

“ನಿಮ್ಮನ್ನ ಭಾಳ ನೆನಸಿದ್ಲು. ಒಮ್ಮಿ ನೋಡಬೇಕಿತ್ತು ಅಂದ್ಲು.”

ಆಯಿ ಕೊನೆಯ ಮೂರು ದಿನ ಮಾತಾಡಿರಲಿಲ್ಲ.

ಕೆಳಗಿನ ಮನೆಯ ಅಜ್ಜಿ ತಲೆಯಾಡಿಸಿದಳು. “ಅಕಿ ಹಂಗ ಅನ್ನಾಕಿ ಅಲ್ಲರಿ. ಕಂಗ್ಟಿಯಾಕಿ. ‘ಇನ್ನೂ ಸತ್ತಿಲ್ಲೇನು ಅಕಿ’ ಅಂದಿರ್ತಾಳ.” ಆಮೇಲೆ, “ಮೊದ್ಲಿಂದನೂ ನೀವಽ ಸೇರಸ್ತಿದ್ರಿ. ನನಗ ಗೊತ್ತಾಗ್ತಿತ್ತು” ಎಂದಳು.

ಗೊತ್ತಿದ್ದೂ ಯಾಕೆ ಕೇಳಿಸಿಕೊಳ್ಳುತ್ತಿದ್ದಳು ಎಂದು ನಾನು ಕೇಳಲಿಲ್ಲ. ಆಕೆ ಕೈಯಿಂದ ತಡವಿ, ಪರ್ಶಿಯ ಮೇಲೆ ಮುರಿದ ಮೂಲೆಯ ಕಡೆಗೆ ಸರಿದಳು. ಇಡಿಯಾಗಿದ್ದ ಬದಿಯನ್ನು ಸೆರಗಿನಿಂದ ಒರೆಸಿದಳು.

“ಕುಂದರ್ರಿ.”

ಆ ದಿನದ ಪುಟ ನನ್ನ ಮುಂದಿದೆ. ‘ಆಕೆಯ ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಕೂತಿದ್ದೆವು’ ಎಂದು ಬರೆದಿದ್ದೇನೆ. ಅಕ್ಷರ ಸ್ಪಷ್ಟವಾಗಿದೆ, ತಿದ್ದಿಲ್ಲ. ಆದರೆ ಎಷ್ಟು ಸಲ ನೆನೆಸಿಕೊಂಡರೂ ನನಗೆ ಕಾಣುವುದು ಮೇಲಿನಿಂದ ಕಂಡ ಆಕೆಯ ತಲೆ, ಬೈತಲೆಯ ಬಿಳಿ ಕೂದಲು, ಪಕ್ಕದಲ್ಲಿ ಒರೆಸಿಟ್ಟ ಖಾಲಿ ಕಲ್ಲು. ಕೂತವಳಿಗೆ ಅದು ಹಾಗೆ ಕಾಣುವುದಿಲ್ಲ.